ಬರಿಗೈಯ ಕೂಗು

ಅಂಚೆ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದುದು ಸಂಬಳದ ದಿನ ಮಾತ್ರ. ಉಳಿದ ದಿನವೆಲ್ಲ ಅವಳು ಪೋಸ್ಟಮ್ಮ. ಅವಳ ಅಪ್ಪನೂ ಇದೇ ಕಚೇರಿಯಲ್ಲಿ, ಇದೇ ಬೀಟಿನಲ್ಲಿ ಚಪ್ಪಲಿ ಸವೆಸಿದವನು. ಬೀಟು ಅಂದರೆ ಮತ್ತೇನಲ್ಲ, ಒಬ್ಬ ಅಂಚೆಯವನು ದಿನಾ ಸುತ್ತಿ ಕಾಗದ ಹಂಚಬೇಕಾದ ಬೀದಿಗಳು. ಇವಳ ಪಾಲಿಗೆ ಬಂದದ್ದು ಹಳೇ ಪೇಟೆಯ ಉದ್ದ ಬೀದಿ ಮತ್ತು ಅದರ ಮಗ್ಗುಲ ಗಲ್ಲಿಗಳು. ಅಲ್ಲಿ ಯಾವ ಗೇಟನ್ನು ಎತ್ತಿ ತೆಗೆಯಬೇಕು, ಯಾವುದನ್ನು ಒದ್ದು ತೆಗೆಯಬೇಕು, ಯಾವ ಮನೆಯ ನಾಯಿ ಬರೀ ಬೊಗಳುತ್ತದೆ, ಯಾವುದು ಬೊಗಳದೆ ಬಂದು ಕಚ್ಚುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಪ್ರತಿ ಗೇಟಿನ ಮುಂದೆ ನಿಂತು "ಪೋಸ್ಟ್!" ಎಂದು ಒಂದು ಕೂಗು ಹಾಕುತ್ತಿದ್ದಳು. ಆ ಕೂಗು ಎಂಥದ್ದು ಅಂತೀರಿ? ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವರು ಸೋಪಿನ ಕೈಯಲ್ಲೇ ಓಡಿ ಬರಬೇಕು, ಅಂಥದ್ದು.

ಇಂಥವಳನ್ನು ಈಗ ಸ್ಟಾಂಪು ಮಾರುವ ಕಿಟಕಿಯ ಹಿಂದೆ ಒಂದು ಸ್ಟೂಲಿನ ಮೇಲೆ ಕೂರಿಸಿಬಿಟ್ಟಿದ್ದರು. ಎಲ್ಲಕ್ಕೂ ಕಾರಣ ಅವಳ ಬಲಗಾಲಿನ ಹಿಮ್ಮಡಿ.

ಮೊದಮೊದಲು ಬೆಳಿಗ್ಗೆ ಹಾಸಿಗೆಯಿಂದೆದ್ದು ಕಾಲೂರಿದರೆ ಮೊಳೆ ತುಳಿದ ಹಾಗಾಗುತ್ತಿತ್ತು. ನಾಲ್ಕು ಹೆಜ್ಜೆ ಹಾಕಿದ ಮೇಲೆ ಸರಿಹೋಗುತ್ತಿತ್ತು, ಅವಳೂ ಸುಮ್ಮನಿದ್ದಳು. ಕಾಲಿನ ಗೋಳು ಕೇಳುತ್ತ ಕೂತರೆ ಕಾಗದ ಹಂಚುವವರು ಯಾರು? ಆಮೇಲೆ ನೋವು ಮಧ್ಯಾಹ್ನದವರೆಗೂ ಉಳಿಯತೊಡಗಿತು, ಆಮೇಲೆ ಇಡೀ ದಿನ. ಕಡೆಗೊಂದು ದಿನ ಉದ್ದ ಬೀದಿಯ ನಡುವೆ, ಹೆಗಲಲ್ಲಿ ಚೀಲ ಇದ್ದ ಹಾಗೆಯೇ ಯಾರದೋ ಮೆಟ್ಟಿಲ ಮೇಲೆ ಕುಸಿದು ಕೂತವಳು ಏಳಲೇ ಇಲ್ಲ. ಹಿಮ್ಮಡಿಯ ಮೂಳೆ ಬೆಳೆದಿದೆ, ಅಂಗಾಲಿನ ನರ ಹರಿದಿದೆ ಎಂದರು ಡಾಕ್ಟರು. ಕೊಯ್ದರು, ಹೊಲಿದರು, ಮೊಣಕಾಲುದ್ದ ಪಟ್ಟಿ ಹಾಕಿ ಮನೆಗೆ ಕಳಿಸಿದರು. ಪಟ್ಟಿ ಬಿಚ್ಚಿದ ದಿನ ಒಳಗಿನಿಂದ ಬಿಳಿಚಿಕೊಂಡು, ಸಣಕಲಾಗಿ ಹೊರಬಂದ ಕಾಲನ್ನು ನೋಡಿ ಅವಳಿಗೆ ಅಳುವೇ ಬಂದುಬಿಟ್ಟಿತು.

"ಇದು ನಂದಲ್ಲ ರೀ, ಯಾರದೋ ಕಾಲು ಅಂಟಿಸಿಬಿಟ್ಟಿದಾರೆ" ಎಂದಳು ಗಂಡನ ಹತ್ತಿರ.

ಗಂಡ ಬಸ್ ಡ್ರೈವರು. ಅವನ ಹೊಟ್ಟೆ ಅವನಿಗಿಂತ ಮುಂಚೆ ಮನೆಯೊಳಗೆ ಬರುತ್ತಿತ್ತು. "ನೀನು ನಡೆದು ನಡೆದು ಕಾಲು ಕೆಡಿಸ್ಕೊಂಡೆ, ನಾನು ಕೂತು ಕೂತು ಹೊಟ್ಟೆ ಬೆಳೆಸ್ಕೊಂಡೆ" ಎಂದ ಅವನು. "ನಮ್ಮಿಬ್ಬರನ್ನೂ ಸೇರಿಸಿ ಹೊಲಿದಿದ್ರೆ ಒಬ್ಬ ನೆಟ್ಟಗಿನ ಮನುಷ್ಯ ಆಗ್ತಿದ್ದ." ಅಳುತ್ತಿದ್ದವಳು ನಕ್ಕಳು. ಅವನಿಗೆ ಬೇಕಾಗಿದ್ದುದೂ ಅಷ್ಟೇ.

ಅವಳ ಬೀಟಿಗೆ ಬೇರೆ ಶಾಖೆಯಿಂದ ಒಬ್ಬನನ್ನು ತಂದು ಹಾಕಿದ್ದರು. ಮೀಸೆಯಲ್ಲಿ ಆಗಲೇ ನರೆ ಇಣುಕಿದ್ದ, ಎರಡು ಮಕ್ಕಳ ತಂದೆ. ಸ್ಕೂಟರಿನಲ್ಲಿ ಹೋಗುತ್ತಿದ್ದ. ಹೋದ ಅನ್ನುವಷ್ಟರಲ್ಲಿ ಖಾಲಿ ಚೀಲ ಜಾಡಿಸುತ್ತ ವಾಪಸು ಬರುತ್ತಿದ್ದ. ಕಚೇರಿಯವರು ಅವನಿಗೆ ಸ್ಕೂಟರಪ್ಪ ಎಂದು ಹೆಸರಿಟ್ಟರು. ಪೋಸ್ಟಮ್ಮನಿಗೆ ಅವನನ್ನು ಕಂಡರೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ಪಾಪ, ಅವನು ಮಾಡಿದ್ದಾದರೂ ಏನು? ಹಾಕಿದ ಜಾಗಕ್ಕೆ ಬಂದಿದ್ದ, ಬಾಯಿ ತುಂಬ 'ಅಕ್ಕ, ಅಕ್ಕ' ಎನ್ನುತ್ತಿದ್ದ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದರೆ ಉರಿ ಆರುತ್ತದೆಯೇ?

ಒಂದು ದಿನ ಪೋಸ್ಟ್‌ಮಾಸ್ಟರು ಅವಳನ್ನು ತಮ್ಮ ಮೇಜಿನ ಹತ್ತಿರ ಕರೆದರು. ಆತ ಕೆಟ್ಟ ಮನುಷ್ಯನಲ್ಲ. ಗೆರೆ ಹಾಕಿದ ಕಾಗದದ ಮೇಲೆ ಗೆರೆ ಬಿಟ್ಟು ಒಂದು ಅಕ್ಷರ ಬರೆಯದ ಮನುಷ್ಯ, ಅಷ್ಟೇ.

"ವರ್ಷದ ಕೊನೆಗೆ ಹಳೇ ಪೇಟೆ ಬೀಟನ್ನ ಅವನಿಗೇ ಕಾಯಂ ಮಾಡ್ತಿದೀನಿ. ನಿಮಗೆ ಕಿಟಕಿ ಕೆಲಸ. ನೆರಳು, ಫ್ಯಾನು, ಕೂರೋಕೆ ಸ್ಟೂಲು. ಇನ್ನೇನು ಬೇಕು ಹೇಳಿ."

"ಸ್ಟೂಲನ್ನ ನೀವೇ ಇಟ್ಕೊಳ್ಳಿ ಸಾರ್. ನನಗೆ ನನ್ನ ಬೀಟು ಕೊಡಿ."

"ಕಾಲು?"

"ವಾಸಿಯಾಗ್ತಿದೆ."

"ವಾಸಿಯಾಗ್ತಿದೆ ಅಂತ ಬಾಯಲ್ಲಿ ಹೇಳಿದ್ರೆ ಆಯ್ತಾ? ನಾಳೆ ಮತ್ತೆ ಯಾರ ಮನೆ ಮೆಟ್ಟಿಲ ಮೇಲೋ ಕೂತ್ರೆ ಡಾಕು ಹಂಚೋರು ಯಾರು?" ಹೀಗೆಂದವರು ಗೋಡೆಯ ಮೇಲಿನ ಬಣ್ಣದ ಪೋಸ್ಟರು ತೋರಿಸಿದರು. ಊರಿನಲ್ಲಿ ವರ್ಷದ ಕೊನೆಗೆ ನಡೆಯುವ ಹಾಫ್ ಮ್ಯಾರಥಾನಿನದು. "ಅಗೋ, ಇಪ್ಪತ್ತೊಂದು ಕಿಲೋಮೀಟರು, ಮೂರೂವರೆ ಗಂಟೆ ಟೈಮು. ಅದನ್ನ ಮುಗಿಸಿ ಬನ್ನಿ, ಬೀಟು ನಿಮಗೇ ಕೊಡ್ತೀನಿ."

ಅವರು ತಮಾಷೆಗೆ ಅಂದದ್ದು. ಅಕ್ಕಪಕ್ಕದ ಮೇಜಿನವರು ನಕ್ಕರೂ ನಕ್ಕರು. ಪೋಸ್ಟಮ್ಮ ಮಾತ್ರ ನಗಲಿಲ್ಲ.

"ಮಾತಂದ್ರೆ ಮಾತು ಸಾರ್" ಎಂದಳು. "ಟೈಮಿನೊಳಗೆ ಮುಗಿಸಿದ್ರೆ ಬೀಟು ನಂದು. ಇಲ್ಲಾಂದ್ರೆ ಬಾಯಿ ಮುಚ್ಕೊಂಡು ಸ್ಟೂಲ್ ಮೇಲೆ ಕೂತಿರ್ತೀನಿ, ಒಂದು ದಿನಾನೂ ಗೊಣಗಲ್ಲ."

ಪೋಸ್ಟ್‌ಮಾಸ್ಟರು ಕನ್ನಡಕ ತೆಗೆದು ಅವಳನ್ನು ನೋಡಿದರು. ಎಲ್ಲರ ಎದುರಿಗೆ ಆಡಿದ ಮಾತು, ನುಂಗುವ ಹಾಗಿಲ್ಲ. "ಸರಿ" ಎಂದರು.

ಅಂದಿನಿಂದ ಶುರುವಾಯಿತು ನೋಡಿ ಮನೆಯಲ್ಲಿ ಗದ್ದಲ. ಕಾಲಿಗೆ ವ್ಯಾಯಾಮ ಹೇಳಿಕೊಡುವ ಫಿಸಿಯೋ ಹೆಣ್ಣುಮಗಳು ಮೊದಲು ಬೈದಳು, ಆಮೇಲೆ ದಾರಿಗೆ ಬಂದಳು. ಪೋಸ್ಟಮ್ಮ ಬೆಳಿಗ್ಗೆ ಎದ್ದವಳೇ ಮೆಟ್ಟಿಲ ಅಂಚಿನಲ್ಲಿ ಬೆರಳ ಮೇಲೆ ನಿಂತು ಹಿಮ್ಮಡಿ ಇಳಿಬಿಡಬೇಕು. ನೆಲಕ್ಕೆ ಟವೆಲು ಹಾಸಿ ಕಾಲಬೆರಳಿನಿಂದಲೇ ಮುದುರಿ ಎಳೆಯಬೇಕು. ಮಂಜುಗಟ್ಟಿದ ನೀರಿನ ಬಾಟಲಿಯನ್ನು ಅಂಗಾಲಿನ ಕೆಳಗೆ ಉರುಳಿಸಬೇಕು. ಗಂಡನಿಗೆ ಫ್ರಿಜ್ಜಿನಲ್ಲಿ ತಣ್ಣೀರು ಸಿಗುವುದೇ ನಿಂತುಹೋಯಿತು, ಇದ್ದ ಬಾಟಲಿಗಳೆಲ್ಲ ಕಾಲಿನ ಸೇವೆಗೆ.

"ನಡೀರಿ" ಎಂದಿದ್ದಳು ಫಿಸಿಯೋ. "ಮೂರು ದೀಪದ ಕಂಬ ನಡೆದ ಮೇಲೆ ಒಂದು ಕಂಬ ಓಡಿ. ನೋವು ಬಂದ್ರೆ ನಿಲ್ಲಿ. ಹಟ ಮಾಡಿದ್ರೋ, ಮತ್ತೆ ಪಟ್ಟಿ."

ಅವಳು ಮೈದಾನದ ಸುತ್ತ ನಡೆದಳು, ಓಡಿದಳು, ಕುಂಟಿದಳು, ಮತ್ತೆ ನಡೆದಳು. ಗಂಡ ಮೈದಾನದ ಕಟ್ಟೆಯ ಮೇಲೆ ಕೂತು ಟೀ ಕುಡಿಯುತ್ತ ಅವಳಿಗೆ ಹುರುಪು ತುಂಬುತ್ತಿದ್ದ. ಒಂದು ದಿನ ಅವನೇ ಕಂಡುಹಿಡಿದ.

"ಅಲ್ಲ ಕಣೇ, ನೆಟ್ಟಗೆ ಓಡೋದು ಬಿಟ್ಟು ಒಂದು ಸಲ ಈ ಕಡೆಗೆ, ಒಂದು ಸಲ ಆ ಕಡೆಗೆ ಯಾಕೆ ಹೋಗ್ತೀಯ? ನನ್ನ ಬಸ್ಸು ಹೀಗೆ ಹೋದ್ರೆ ಜನ ಇಳಿದು ಹೊಡೀತಾರೆ."

ಪೋಸ್ಟಮ್ಮ ನಿಂತು ಹಿಂದೆ ತಿರುಗಿ ನೋಡಿದಳು. ಹೌದಲ್ಲ! ಎಡಗಡೆಯ ಮನೆಗೊಂದು ಕಾಗದ, ಬಲಗಡೆಯ ಮನೆಗೊಂದು ಕಾಗದ. ಜೀವಮಾನವೆಲ್ಲ ಬೀದಿಯನ್ನು ಹೊಲಿಗೆ ಹಾಕಿದ ಹಾಗೆ ನಡೆದ ಕಾಲು, ಮನೆಗಳಿಲ್ಲದ ಮೈದಾನದಲ್ಲೂ ಅದನ್ನೇ ಮಾಡುತ್ತಿತ್ತು. ಅವಳಿಗೆ ಕಾಲಿನ ಮೇಲೆ ಒಂದು ಥರದ ಮಮತೆ ಉಕ್ಕಿತು. ಪರವಾಗಿಲ್ಲ, ನನ್ನದೇ ಕಾಲು ಇದು ಅನ್ನಿಸಿತು.

ಊರಿನ ಯಾವ ಮೂಲೆಯಲ್ಲಿ ಬೇಕಾದರೂ ಅಭ್ಯಾಸ ಮಾಡಿದಳು, ಹಳೇ ಪೇಟೆಗೆ ಮಾತ್ರ ಕಾಲಿಡಲಿಲ್ಲ. ಹೆಗಲಲ್ಲಿ ಚೀಲವಿಲ್ಲದೆ ಆ ಬೀದಿಗೆ ಹೋಗುವುದು ಅಂದರೆ ಮೈಮೇಲೆ ಬಟ್ಟೆಯಿಲ್ಲದೆ ಹೋದಷ್ಟು ನಾಚಿಕೆ ಅವಳಿಗೆ. ಕಿಟಕಿಯ ಹಿಂದೆ ಸ್ಟಾಂಪು ಹರಿದು ಕೊಡುತ್ತ ಅವಳು ದಿನಾ ಮನಸ್ಸಿನಲ್ಲೇ ಬೀಟು ಸುತ್ತುತ್ತಿದ್ದಳು. ಈಗ ಟೈಲರನ ಮನೆ. ಹೊಲಿಗೆ ಯಂತ್ರದ ಸದ್ದು ನಿಂತಿತು, ಕುತ್ತಿಗೆಗೆ ಟೇಪು ಹಾಕಿಕೊಂಡೇ ಬಂದ. ಈಗ ಟೀಚರಮ್ಮನ ಮನೆ. ಲಕೋಟೆಯ ಮೇಲಿನ ವಿಳಾಸದಲ್ಲಿ ತಪ್ಪು ಹುಡುಕಿ, ಬರೆದವರಿಗೆ ಬೈದ ಮೇಲೆಯೇ ಕಾಗದ ಒಡೆಯುವುದು. ಈಗ ಗಡಿಯಾರದ ತಾತ. ಹಾಳಾದ ಗಡಿಯಾರ ರಿಪೇರಿ ಮಾಡುವ ಮುದುಕ, ಒಳಮನೆಯಿಂದ ಗೇಟಿಗೆ ಬರುವುದರಲ್ಲಿ ಒಂದು ಬೀದಿ ಮುಗಿಸಬಹುದು. ಆದರೂ ಅವಳು ಕಾಯುತ್ತಿದ್ದಳು. ಕಾಯುವಾಗ ಗೇಟಿನ ಬಿಸಿ ಕಬ್ಬಿಣಕ್ಕೆ ಕೈಯಿಟ್ಟುಕೊಂಡು ನಿಲ್ಲುತ್ತಿದ್ದಳು. ಆ ಕಬ್ಬಿಣದ ವಾಸನೆ, ಚೀಲದ ಕ್ಯಾನ್ವಾಸಿನ ವಾಸನೆ, ಅಂಟಿನ ವಾಸನೆ. ಈಗ ಉಳಿದದ್ದು ಅಂಟು ಒಂದೇ. "ಎರಡು ಸ್ಟಾಂಪು ಕೇಳಿದ್ರೆ ಐದು ಕೊಟ್ರಲ್ಲಮ್ಮ" ಎಂದು ಯಾರಾದರೂ ಎಚ್ಚರಿಸಿದಾಗ ಉದ್ದ ಬೀದಿಯಿಂದ ಸ್ಟೂಲಿಗೆ ವಾಪಸು ಬರುತ್ತಿದ್ದಳು.

ಓಟಕ್ಕೆ ಇನ್ನೆರಡು ದಿನ ಇದೆ ಅನ್ನುವಾಗ ಗಂಡ ಸಪ್ಪೆ ಮುಖ ಹಾಕಿಕೊಂಡು ಬಂದ.

"ಭಾನುವಾರ ಡ್ಯೂಟಿ ಹಾಕಿಬಿಟ್ರು ಕಣೇ."

"ಯಾವ ರೂಟು?"

"ನಿನ್ನ ರೂಟೇ. ಓಟದ ಕೊನೇಲಿ ಒಂದು ಬಸ್ಸು ಬರುತ್ತಂತೆ, ಕೈಲಾಗದೆ ನಿಂತೋರನ್ನ ಹತ್ತಿಸಿಕೊಂಡು ಹೋಗೋಕೆ. ಅದಕ್ಕೆ ನಾನು."

ಪೋಸ್ಟಮ್ಮ ಅವನನ್ನು ದುರುಗುಟ್ಟಿ ನೋಡಿದಳು. "ನಿಮ್ಮ ಬಸ್ಸನ್ನ ನಾನು ಹತ್ತಿದ್ರೆ ಕೇಳಿ!"

"ಹತ್ತಿಸಿಕೊಳ್ಳೋಕೆ ನಾನೇನು ಬಾಗಿಲು ತೆಗೀತೀನಾ?" ಎಂದ ಅವನು.

ಭಾನುವಾರ ಬೆಳಕು ಹರಿಯುವ ಮುಂಚೆಯೇ ಮೈದಾನ ತುಂಬಿಹೋಗಿತ್ತು. ಬಣ್ಣಬಣ್ಣದ ಬನಿಯನ್ನು, ಬಣ್ಣಬಣ್ಣದ ಬೂಟು. ಪೋಸ್ಟಮ್ಮ ಇಲಾಖೆ ಕೊಟ್ಟ ಖಾಕಿ ಬಣ್ಣದ ಟೋಪಿ ಹಾಕಿಕೊಂಡು, ಹಿಮ್ಮಡಿಗೆ ಮೆತ್ತೆಯಿದ್ದ ಹೊಸ ಬೂಟು ಬಿಗಿದು ಎಲ್ಲರಿಗಿಂತ ಹಿಂದೆ ನಿಂತಳು. ಪೋಸ್ಟ್‌ಮಾಸ್ಟರೂ ಬಂದಿದ್ದರು. "ಕೊನೇಲಿ ಆ ಗಾಳಿ ತುಂಬಿದ ಕಮಾನಿನ ಹತ್ತಿರ ನಿಂತಿರ್ತೀನಿ" ಎಂದರು. ಮನಸ್ಸಿನಲ್ಲಿ ಅವರಿಗೂ ಇವಳು ಗೆಲ್ಲಲಿ ಅಂತಲೇ ಇತ್ತೋ ಏನೋ, ಮುಖ ನೋಡಿ ಹೇಳುವ ಹಾಗಿರಲಿಲ್ಲ.

ಓಟ ಶುರುವಾದದ್ದೇ ತಡ, ಮುಂದಿದ್ದವರೆಲ್ಲ ಕಣ್ಮರೆ. ಪೋಸ್ಟಮ್ಮ ಕಂಬ ಎಣಿಸುತ್ತ ನಡೆದಳು, ಓಡಿದಳು. ಒಂದೆರಡು ಕಡೆ ಎಡಬಲ ಹರಿದಾಡಿ ಬೈಸಿಕೊಂಡಳು. "ಅಮ್ಮಾ, ಒಂದು ಕಡೆ ಹೋಗಿ ತಾಯಿ!" ಎಂದು ಪಕ್ಕದಲ್ಲೇ ಓಡುತ್ತಿದ್ದ ಗಿಳಿಹಸಿರು ಬನಿಯನ್ನಿನ ಒಬ್ಬಾಕೆ ಕೈಮುಗಿದೇಬಿಟ್ಟಳು. ನದಿಯ ದಂಡೆ ದಾಟಿತು, ಕಾರ್ಖಾನೆಗಳ ರಸ್ತೆ ದಾಟಿತು. ಹಿಮ್ಮಡಿ ಚುರುಗುಟ್ಟುತ್ತಿತ್ತು, ಆದರೆ ಮೊಳೆ ಇರಲಿಲ್ಲ. ಕೈಗಡಿಯಾರ ನೋಡಿಕೊಂಡಳು. ಇದೇ ಲೆಕ್ಕದಲ್ಲಿ ಹೋದರೆ ಕಮಾನು ದಾಟಿ, ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಉಳಿಯುತ್ತದೆ. ಎದೆಯಲ್ಲಿ ಒಂದು ಸಣ್ಣ ಕುಣಿತ ಶುರುವಾಯಿತು.

ಆಮೇಲೆ ದಾರಿ ಹಳೇ ಪೇಟೆಗೆ ತಿರುಗಿತು.

ಅವಳು ಉದ್ದ ಬೀದಿಯ ಬಾಯಿಗೆ ಬಂದಳು. ಎಲ್ಲ ಹಾಗೇ ಇತ್ತು! ಭಾನುವಾರದ ಬೆಳಗಿನ ಬೀದಿ, ಮುಚ್ಚಿದ ಬಾಗಿಲುಗಳು, ಗೋಡೆಯ ಮೇಲೆ ಅದೇ ಬೆಕ್ಕು, ಚರಂಡಿಯ ಮೇಲೆ ಅದೇ ಅಲ್ಲಾಡುವ ಚಪ್ಪಡಿ. ಕಾಲಿಗೆ ಚಪ್ಪಡಿ ಸಿಕ್ಕ ಕೂಡಲೇ ನೋವು ಎಲ್ಲಿ ಹೋಯಿತೋ. ಎಡಕ್ಕೊಂದು, ಬಲಕ್ಕೊಂದು, ಕಾಲು ತನ್ನಷ್ಟಕ್ಕೆ ಹೋಗತೊಡಗಿತು. ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ, ಹೆಗಲಲ್ಲಿ ತುಂಬಿದ ಚೀಲ, ಮುಂದೆ ಇಡೀ ಬೆಳಗು ಇದ್ದ ಹಾಗಿತ್ತು ಅವಳಿಗೆ. ಎಷ್ಟು ಸುಖ, ಎಷ್ಟು ಸುಖ ಎಂದುಕೊಳ್ಳುತ್ತ ಓಡಿದಳು. ಕಂಬ ಎಣಿಸುವುದನ್ನೂ ಮರೆತಳು.

ಹಿಂದೆ ಯಾರೋ "ಏನ್ರೀ ಅದು?" ಎಂದದ್ದು ಕೇಳಿ ತಿರುಗಿ ನೋಡಿದಳು.

ಉದ್ದ ಬೀದಿಯ ಅರ್ಧ ಬಾಗಿಲುಗಳು ತೆರೆದಿದ್ದವು. ಟೈಲರ್ ಲುಂಗಿ ಬಿಗಿದುಕೊಳ್ಳುತ್ತ ಗೇಟಿಗೆ ಬಂದಿದ್ದ. ಟೀಚರಮ್ಮ ಕನ್ನಡಕ ಸಿಕ್ಕಿಸಿಕೊಂಡು ಕೈ ಮುಂದೆ ಚಾಚಿ ನಿಂತಿದ್ದಳು. ದಿನಾ ಜಗಳವಾಡುವ ಗಂಡಹೆಂಡತಿ ಇಬ್ಬರೂ ಒಟ್ಟಿಗೆ ಬಂದು, ಕಾಗದ ಯಾರ ಹೆಸರಿಗೆ ಎಂದು ಆಗಲೇ ಜಗಳ ಶುರುಮಾಡಿದ್ದರು. ಆಗ ಅವಳಿಗೆ ಹೊಳೆಯಿತು. ತಾನು ಕೂಗಿಕೊಂಡು ಬಂದಿದ್ದಾಳೆ! ಒಂದೊಂದು ಗೇಟಿನ ಮುಂದೆಯೂ, ಗೊತ್ತೇ ಆಗದೆ, ಗಂಟಲು ಬಿಚ್ಚಿ, "ಪೋಸ್ಟ್!"

ಅಯ್ಯೋ, ಬರಿಗೈಯಲ್ಲಿ!

ಓದುವವರಿಗೆ ಇದೇನು ಮಹಾ ಅನ್ನಿಸಬಹುದು. ನಕ್ಕು ಕೈಬೀಸಿ ಓಡಿದ್ದರೆ ಆಗುತ್ತಿತ್ತು ಅನ್ನಬಹುದು. ಅವಳಿಗೆ ಹಾಗಲ್ಲ. ಸಣ್ಣವಳಿದ್ದಾಗ ಶಾಲೆಗೆ ರಜ ಬಂದರೆ ಅಪ್ಪನ ಹಿಂದೆ ಬೀಟಿಗೆ ಬರುತ್ತಿದ್ದಳು. ಒಂದು ದಿನ ಚೇಷ್ಟೆಗೆ ಇದೇ ಬೀದಿಯ ಒಂದು ಗೇಟಿನ ಮುಂದೆ "ಪೋಸ್ಟ್!" ಎಂದು ಕೂಗಿಬಿಟ್ಟಳು. ಒಳಗಿನಿಂದ ಒಬ್ಬ ಹೆಂಗಸು ಕೈ ಒರೆಸಿಕೊಳ್ಳುತ್ತ, ಮುಖವೆಲ್ಲ ಬೆಳಕಾಗಿ ಓಡಿ ಬಂದಳು. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. "ನೀನೇ ಹೇಳು" ಎಂದ. ಏನೂ ಇಲ್ಲ, ಸುಮ್ಮನೆ ಕೂಗಿದೆ ಎಂದು ಇವಳು ಹೇಳಬೇಕಾಯಿತು, ಆ ಮುಖದ ಬೆಳಕು ಆರಿಹೋಗುವುದನ್ನು ನೋಡಬೇಕಾಯಿತು. ಅಪ್ಪ ಅಲ್ಲೇ ಗೇಟಿಗೆ ಒರಗಿ, ಚೀಲ ತುಂಬಿದ್ದರೂ, ಬಿಸಿಲು ನೆತ್ತಿಗೇರಿದ್ದರೂ, ಆ ಹೆಂಗಸಿನ ಜೊತೆ ಅದೂ ಇದೂ ಮಾತಾಡುತ್ತ ನಿಂತ. ಆಕೆ ಒಂದು ಸಲ ನಕ್ಕ ಮೇಲೆಯೇ ಹೆಜ್ಜೆ ಎತ್ತಿದ್ದು. "ಬಾಗಿಲು ತೆಗೆಸಿದೀಯ. ಏನಾದ್ರೂ ಕೊಟ್ಟೇ ಹೋಗಬೇಕು. ಕಾಗದ ಇಲ್ಲ ಅಂದ್ರೆ ನಾಲ್ಕು ಮಾತಾದ್ರೂ ಕೊಡು" ಎಂದಿದ್ದ ದಾರಿಯಲ್ಲಿ.

ಪೋಸ್ಟಮ್ಮ ಕೈಗಡಿಯಾರ ನೋಡಿದಳು. ಮುಂದೆ ಬೀದಿ ಖಾಲಿ, ಓಡಿದರೆ ಬೀಟು ಅವಳದು. ಹಿಂದೆ ಬಾಗಿಲಲ್ಲಿ ನಿಂತವರು. "ದರಿದ್ರ ಬಾಯಿ!" ಎಂದು ತನ್ನನ್ನು ತಾನೇ ಬೈದುಕೊಂಡಳು. ಒಂದು ಕಂಬದಷ್ಟು ದೂರ ಮುಂದಕ್ಕೆ ಓಡಿಯೂ ಓಡಿದಳು, ಸುಳ್ಳು ಹೇಳಬಾರದು. ಆದರೆ ಬೆನ್ನಿನ ಮೇಲೆ ಅಷ್ಟೂ ಜನರ ಕಣ್ಣು ಕೂತಿದ್ದವು. ತಿರುಗಿದಳು.

"ಭಾನುವಾರ ಯಾವ ಪೋಸ್ಟು ಪೋಸ್ಟಮ್ಮ?" ಎಂದ ಟೈಲರ್.

"ಇಲ್ಲಪ್ಪ, ಬಾಯಿ ತಪ್ಪಿ ಕೂಗಿಬಿಟ್ಟೆ. ತಪ್ಪಾಯ್ತು. ಮಗಳಿಗೆ ಹೆರಿಗೆ ಆಯ್ತಾ?"

"ಗಂಡು ಮಗು! ನಾಲ್ಕು ತಿಂಗಳಾಯ್ತು. ನಿಮಗೆ ಹೇಳೋಣ ಅಂದ್ರೆ ನೀವೆಲ್ಲಿ ಇದ್ದೀರಿ?"

ಟೀಚರಮ್ಮನಿಗೆ ಕಾಲಿನ ಕಥೆಯೆಲ್ಲ ಬೇಕಾಯಿತು, ಬೂಟು ಬಿಚ್ಚಿ ಹೊಲಿಗೆ ತೋರಿಸು ಅನ್ನಲಿಲ್ಲ ಪುಣ್ಯ. ಜಗಳದ ಗಂಡಹೆಂಡತಿ ಇಬ್ಬರೂ ಅವಳಿಗೇ ನ್ಯಾಯ ಒಪ್ಪಿಸಿದರು. ಮುಂದಿನ ಮನೆಯಿಂದ ಬಾಯಲ್ಲಿ ಬ್ರಶ್ಶು ಇಟ್ಟುಕೊಂಡ ಒಬ್ಬ ಹೊಸ ಹೆಂಗಸು ಬಂದಳು. "ಯಾರು ನೀವು?" ಎಂದಳು. ಅಲ್ಲಿದ್ದ ನರ್ಸಮ್ಮ ಮನೆ ಖಾಲಿ ಮಾಡಿಕೊಂಡು ಹೋಗಿ ಎಷ್ಟೋ ದಿನವಾಗಿತ್ತಂತೆ. ದಿನಾ ಗೇಟಿನಲ್ಲಿ ನಿಂತು ಮಾತಾಡುತ್ತಿದ್ದವಳು, ಹೋಗುವಾಗ ಹೇಳಿಹೋಗೋಣ ಎಂದರೆ ಇವಳು ಕಾಲಿಗೆ ಪಟ್ಟಿ ಹಾಕಿಕೊಂಡು ಹಾಸಿಗೆಯಲ್ಲಿದ್ದಳು. "ನಾನು ಈ ಬೀದಿಯ ಪೋಸ್ಟಮ್ಮ" ಎಂದಷ್ಟೇ ಹೇಳಿ ದಾಟಿದಳು.

ಕೊನೆಗೆ ಗಡಿಯಾರದ ತಾತನ ಗೇಟು. ಬಾಗಿಲು ಮುಚ್ಚಿತ್ತು, ಆದರೆ ಒಳಗಿನಿಂದ ಕೋಲಿನ ಸದ್ದು ಬರುತ್ತಿತ್ತು. ಟಕ್, ಆಮೇಲೆ ಸುಮ್ಮನೆ, ಆಮೇಲೆ ಟಕ್. ಹೊರಟಿದ್ದಾನೆ ಮುದುಕ. ಪೋಸ್ಟಮ್ಮ ಗೇಟಿಗೆ ಕೈಯಿಟ್ಟು ನಿಂತಳು. ಅವಳ ಗಂಡನ ಬಸ್ಸು ಬೀದಿಯ ಬಾಯಲ್ಲಿ ಕಾಣಿಸಿಕೊಂಡಿತು. ಅವನು ಹಾರನ್ನು ಹಾಕಿದ. ಮತ್ತೆ ಹಾಕಿದ. ಆಮೇಲೆ ತಲೆ ಹೊರಗೆ ಹಾಕಿದ.

"ಏ, ಓಡೇ! ಟೈಮಾಗ್ತಿದೆ! ಯಾರ ಮನೆ ಬಾಗಿಲು ಕಾಯ್ತಿದೀಯೇ?"

ಬಾಗಿಲು ತೆರೆಯಿತು. ತಾತ ಅವಳನ್ನು ಕಂಡದ್ದೇ ಕಿವಿಯವರೆಗೆ ನಕ್ಕ.

"ಬಂದ್ಯಾ! ನೀನು ಕೂಗೋದು ಬಿಟ್ಟ ಮೇಲೆ ನನಗೆ ಹೊತ್ತೇ ಗೊತ್ತಾಗ್ತಿಲ್ಲ ನೋಡು. ಮನೆ ತುಂಬ ಗಡಿಯಾರ ಇದೆ, ಒಂದೂ ಸರಿ ಇಲ್ಲ."

"ತಾತ, ಏನೂ ತಂದಿಲ್ಲ. ಸುಮ್ಮನೆ ಕೂಗಿಬಿಟ್ಟೆ."

"ಏನು ತಂದೆ ಅಂತ ಯಾವತ್ತು ಕೇಳಿದೀನಿ? ನನಗೆ ಬರೋದೆಲ್ಲ ವಿಮೆಯವರ ಕಾಗದ, ಇನ್ನೂ ಯಾಕೆ ಸತ್ತಿಲ್ಲ ಅಂತ ಕೇಳಿ. ಈಗಿನವನು ಗೇಟಿನ ಡಬ್ಬಿಯೊಳಗೆ ತುರುಕಿ ಬುರ್ರಂತ ಹೋಗ್ತಾನೆ. ಪಾಪ, ಒಳ್ಳೆಯವನೇ. ಆದ್ರೆ ನನ್ನನ್ನ ಯಾರೂ ಕೂಗಲ್ಲ ಕಣಮ್ಮ."

ಪೋಸ್ಟಮ್ಮನಿಗೆ ಕಣ್ಣು ತುಂಬಿ ಬಂದವು. ತಾತನ ಜೊತೆ ಒಂದಿಷ್ಟು ಹೊತ್ತು ನಿಂತಳು. ಆಮೇಲೆ ಕಾಲಿಗೆ ಬುದ್ಧಿ ಹೇಳಿದಳು.

ಅಲ್ಲಿಂದ ಮುಂದಿನದು ಓಟವಲ್ಲ, ಯಾತನೆ. ನಿಂತು ನಿಂತು ಹಿಮ್ಮಡಿ ಸೆಟೆದುಕೊಂಡಿತ್ತು, ಹಳೆಯ ಮೊಳೆ ವಾಪಸು ಬಂದಿತ್ತು. ಹಲ್ಲು ಕಚ್ಚಿಕೊಂಡು ಓಡಿದಳು. ಹಿಂದೆಯೇ ಗಂಡನ ಬಸ್ಸು ಆಮೆಯ ಹಾಗೆ ತೆವಳುತ್ತಿತ್ತು. ಬಸ್ಸಿನೊಳಗೆ ಆಗಲೇ ಸೋತು ಕೂತಿದ್ದವರು, "ಏನಯ್ಯಾ, ನಡೆದುಕೊಂಡೇ ಹೋಗಬಹುದಿತ್ತಲ್ಲ!" ಎಂದು ಗಲಾಟೆ ಎಬ್ಬಿಸಿದರು. ಓಟದ ಕಡೆಯವನೊಬ್ಬ ಮೋಟಾರ್‌ಬೈಕಿನಲ್ಲಿ ಬಂದು, ಆಯಮ್ಮನನ್ನು ದಾಟಿಕೊಂಡು ಬಾ ಎಂದ. "ಗೇರು ಸಿಕ್ಕಿಹಾಕ್ಕೊಂಡಿದೆ ಸಾರ್" ಎಂದ ಗಂಡ, ಅಮಾಯಕನ ಹಾಗೆ. ಅವನ ಜೀವಮಾನದಲ್ಲಿ ಅಷ್ಟು ನಿಧಾನವಾಗಿ ಅವನು ಬಸ್ಸು ಓಡಿಸಿದ್ದು ಅದೊಂದೇ ಸಲ.

ಮೈದಾನಕ್ಕೆ ಬರುವಷ್ಟರಲ್ಲಿ ಕಮಾನನ್ನು ಬಿಚ್ಚುತ್ತಿದ್ದರು. ಗಾಳಿ ತೆಗೆದ ಕಮಾನು ಒಂದು ಕಡೆಗೆ ವಾಲಿ ಬಿದ್ದಿತ್ತು, ಪೋಸ್ಟಮ್ಮ ಅದರ ಪಕ್ಕದಿಂದ ದಾಟಿದಳು. ಪೋಸ್ಟ್‌ಮಾಸ್ಟರು ಹೇಳಿದ ಜಾಗದಲ್ಲೇ ನಿಂತಿದ್ದರು, ಬಿಸಿಲಲ್ಲಿ ಮುಖ ಕೆಂಪಾಗಿತ್ತು. ನೀರಿನ ಬಾಟಲಿ ಕೊಟ್ಟರು. ಅವಳು ಕುಡಿದು ಮುಗಿಸಿದಳು.

"ತಡವಾಯ್ತು" ಎಂದರು ಆಮೇಲೆ.

"ಆಯ್ತು ಸಾರ್."

"ಕಾಲು ಕೈಕೊಡ್ತಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. "ಕಾಲಲ್ಲ ಸಾರ್, ಬಾಯಿ" ಎಂದು ನಡೆದದ್ದನ್ನೆಲ್ಲ ಹೇಳಿದಳು. ಪೋಸ್ಟ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಮಾತಂದ್ರೆ ಮಾತು ಅಂದೋರು ನೀವೇ" ಎಂದರು ಮೆಲ್ಲಗೆ.

"ನಾನೇ ಸಾರ್. ಇಲ್ಲ ಅಂತ ಹೇಳ್ತಿಲ್ಲ."

ಮನೆಗೆ ಹೋಗುವಾಗ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಅತ್ತಳು. ಗಂಡ ಈ ಸಲ ತಮಾಷೆ ಮಾಡಲಿಲ್ಲ.

ಸೋಮವಾರ ಬೆಳಿಗ್ಗೆ ಊದಿದ ಕಾಲನ್ನು ಒಂದು ರಟ್ಟಿನ ಪೆಟ್ಟಿಗೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತು ಸ್ಟಾಂಪು ಹರಿದಳು. ಒಂದು ಸಲವೂ ಗೊಣಗಲಿಲ್ಲ. ಮಧ್ಯಾಹ್ನ ಊಟದ ಬಿಡುವಿನ ಹೊತ್ತಿಗೆ ಸ್ಕೂಟರಪ್ಪ ಬೆವರು ಸುರಿಸುತ್ತ ಬಂದು ಅವಳ ಎದುರು ನಿಂತ.

"ಏನು ಮಾಡಿಟ್ಟು ಬಂದ್ರಿ ಅಕ್ಕ ನಿನ್ನೆ? ಬೀದಿಯೋರೆಲ್ಲ ಗೇಟಲ್ಲಿ ನಿಂತು, ಯಾಕಪ್ಪ ನಿನಗೆ ಬಾಯಿಲ್ವಾ ಅಂತ ಕೇಳ್ತಾರೆ. ಕೂಗಿದೆ, ಎಲ್ಲರೂ ನಗ್ತಾರೆ. ಹೇಗೆ ಕೂಗೋದು ಅಂತ ಒಂದು ಸಲ ಹೇಳ್ಕೊಡಿ."

ಅವಳಿಗೆ ಮೊದಲು ಬಂದದ್ದು ಸಿಟ್ಟು. ಬೀಟು ತಗೊಂಡ, ಈಗ ಗಂಟಲೂ ಬೇಕಂತೆ! ಬೈಯೋಣವೆಂದು ಮುಖ ಎತ್ತಿ ನೋಡಿದರೆ, ನರೆತ ಮೀಸೆಯ ಆ ಮನುಷ್ಯ ಲೆಕ್ಕ ತಪ್ಪಿದ ಶಾಲೆಯ ಹುಡುಗನ ಹಾಗೆ ನಿಂತಿದ್ದ. ಬೈಗುಳ ನಾಲಿಗೆಯ ತುದಿಯಲ್ಲೇ ಉಳಿಯಿತು. ಸರಿ, ಕೂಗಿ ತೋರಿಸೋಣ ಎಂದು ಬಾಯಿ ತೆರೆದಳು. ಸ್ವರವೇ ಹೊರಡಲಿಲ್ಲ. ಎದುರಿಗೆ ಗೇಟಿಲ್ಲ, ಬಾಗಿಲಿಲ್ಲ, ಯಾರನ್ನು ಕೂಗುವುದು?

"ಇಲ್ಲಿ ಬರಲ್ಲ ಕಣಪ್ಪ" ಎಂದು ಸ್ಟೂಲಿನಿಂದ ಇಳಿದಳು. "ಮಧ್ಯಾಹ್ನದ ಬಟವಾಡೆ ಇದೆಯಲ್ಲ? ನಡಿ." ಕಚೇರಿಯವರೆಲ್ಲ ಕಣ್ಣು ಬಿಟ್ಟು ನೋಡುತ್ತಿದ್ದ ಹಾಗೆ ಅವನ ಸ್ಕೂಟರಿನ ಹಿಂದೆ ಹತ್ತಿ ಕೂತಳು.

ಗಡಿಯಾರದ ತಾತನ ಗೇಟಿನ ಮುಂದೆ ನಿಲ್ಲಿಸು ಎಂದಳು. ಕೂಗು ಅವಳ ಗಂಟಲಿನವರೆಗೆ ಬಂತು. ನುಂಗಿಕೊಂಡಳು.

"ನೀನೇ ಕೂಗು."

"ಪೋಸ್ಟ್" ಎಂದ ಅವನು.

"ಸಾಲ ಕೇಳೋಕೆ ಬಂದೋನ ಹಾಗಲ್ಲ. ಅವರದ್ದನ್ನ ಅವರಿಗೆ ಕೊಡೋಕೆ ಬಂದಿದೀಯ. ಎದೆ ಬಿಚ್ಚಿ ಕೂಗು."

ಎರಡನೇ ಸಲ ಪರವಾಗಿರಲಿಲ್ಲ. ಮೂರನೇ ಸಲ ಗೋಡೆಯ ಮೇಲಿನ ಬೆಕ್ಕು ಎದ್ದು ಹೋಯಿತು. ಒಳಗೆ ಕೋಲಿನ ಸದ್ದು ಶುರುವಾಯಿತು. ಸ್ಕೂಟರಪ್ಪ ಡಬ್ಬಿಗೆ ಕೈ ಹಾಕಲು ಹೋದ, ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು. ಇಬ್ಬರೂ ಕಾದರು. ತಾತ ಬಂದು ಬಾಗಿಲು ತೆಗೆದ. ಅವಳ ಮುಖ ನೋಡಿದ, ಅವನ ಕೈಯಲ್ಲಿದ್ದ ಕಾಗದ ನೋಡಿದ.

"ಇನ್ಮೇಲೆ ಇವನೇ ಕೂಗ್ತಾನೆ ತಾತ" ಎಂದಳು ಪೋಸ್ಟಮ್ಮ.

ತಾತ ಅವನಿಂದ ಕಾಗದ ಇಸಿದುಕೊಂಡ. "ಚೆನ್ನಾಗಿ ಕೂಗ್ತೀಯಪ್ಪ" ಎಂದ. ಸ್ಕೂಟರಪ್ಪ ಎದುರುಗಡೆಯ ಗೇಟಿಗೆ ಹೋದ, ಅಲ್ಲಿಂದ ಅದರ ಮುಂದಿನದಕ್ಕೆ. ಸ್ಕೂಟರನ್ನು ಇಲ್ಲೇ ಬಿಟ್ಟು ನಡೆದೇ ಹೋಗುತ್ತಿದ್ದ. ಕೂಗು ಒಂದೊಂದೇ ಗೇಟು ದಾಟಿ ದೂರವಾಗುತ್ತ ಹೋಯಿತು. ಪೋಸ್ಟಮ್ಮ ಬೆನ್ನು ತಿರುಗಿಸಿ ನಿಂತು ಕೊನೆಯದರವರೆಗೂ ಕೇಳಿಸಿಕೊಂಡಳು.

"ಹೆಗಲಲ್ಲಿ ಚೀಲ ಇಲ್ಲವಲ್ಲ ಇವತ್ತು" ಎಂದ ತಾತ. "ಬಾ, ಒಳಗೆ ಬಂದು ಕೂತ್ಕೋ."

ಇಷ್ಟು ವರ್ಷದಲ್ಲಿ ಅವಳು ಆ ಬೀದಿಯ ಒಂದು ಮನೆಯ ಹೊಸ್ತಿಲನ್ನೂ ದಾಟಿರಲಿಲ್ಲ. ಚೀಲ ಹೊತ್ತವರಿಗೆ ಗೇಟಿನವರೆಗೆ ಮಾತ್ರ ದಾರಿ. ಬೂಟು ಬಿಚ್ಚಿ ಬದಿಗಿಟ್ಟು, ಊದಿದ ಕಾಲನ್ನು ಮೆಲ್ಲಗೆ ಎತ್ತಿ ಒಳಗಿಟ್ಟಳು. ಒಳಗೆ ತಣ್ಣಗಿತ್ತು. ತಾತ ಕುರ್ಚಿಯ ಮೇಲಿದ್ದ ಗಡಿಯಾರಗಳನ್ನೆಲ್ಲ ಎತ್ತಿ ಅವಳಿಗೆ ಜಾಗ ಮಾಡುತ್ತಿದ್ದ.